ಇಲ್ಲದವರೇ ತುಂಬಿದ್ದ ಆಫೀಸು

ಆಫೀಸಿನ ಪ್ರಿಂಟರಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಹಾಳೆಯೊಂದನ್ನು ತಲೆಗೂದಲಿನ ಪಿನ್ನಿನಿಂದ ಎಳೆದು ತೆಗೆದಳು ಎಂಬ ಒಂದೇ ಕಾರಣಕ್ಕೆ ಅವಳಿಗೆ ‘ಕಂಪ್ಯೂಟರಕ್ಕ’ ಎಂಬ ಬಿರುದು ಬಂದಿತ್ತು. ಬಿರುದು ಎಂಥ ವಸ್ತುವೆಂದರೆ, ಕೊಟ್ಟವರು ಮರುದಿನವೇ ಮರೆತುಬಿಡುತ್ತಾರೆ. ಪಡೆದವರು ಮಾತ್ರ ತಲೆ ಎಷ್ಟೇ ತುರಿಸಿದರೂ ಕಿರೀಟ ಇಳಿಸುವುದಿಲ್ಲ. ಅವಳ ನಿಜವಾದ ಕೆಲಸ ಕಡತಗಳಿಗೆ ನಂಬರು ಹಚ್ಚಿ ಕಪಾಟಿಗೆ ತುರುಕುವುದು. ಆದರೆ ನಾದಿನಿಯ ಫೋನು ಬಂದಾಗ, “ಅಯ್ಯೋ, ನನಗೆಲ್ಲಿ ಪುರುಸೊತ್ತು? ಇಲ್ಲಿ ಕಂಪ್ಯೂಟರಿಗೆ ಏನೇ ಆದರೂ ಎಲ್ಲಾ ನನ್ನ ತಲೆ ಮೇಲೇ ಬರುತ್ತೆ” ಎನ್ನುತ್ತಿದ್ದಳು. ದೇವರು ಅದನ್ನು ಕೇಳಿಸಿಕೊಂಡಿರಬೇಕು.

ಅದು ತೂಕದ ಯಂತ್ರಗಳನ್ನು ತಯಾರಿಸುವ ಕಂಪನಿ. ಚಿನ್ನ ತೂಗುವ ಪುಟ್ಟ ತಕ್ಕಡಿಯಿಂದ ಹಿಡಿದು ಲಾರಿಯನ್ನೇ ತೂಗುವ ಕಬ್ಬಿಣದ ಹಾಸಿನವರೆಗೆ ಎಲ್ಲವೂ ಅಲ್ಲಿ ಸಿಗುತ್ತಿತ್ತು. ಮಾತನ್ನು ತೂಗಿ ಆಡುವವರು ಮಾತ್ರ ಯಾರೂ ಸಿಗುತ್ತಿರಲಿಲ್ಲ. ಒಂದು ದಿನ ಮ್ಯಾನೇಜರು ಎಲ್ಲರನ್ನೂ ತಮ್ಮ ಕೋಣೆಗೆ ಕರೆದು ಹೇಳಿದರು:

“ನಮ್ಮ ಮೇಲ್ ಸರ್ವರ್‌ಗೆ ವಯಸ್ಸಾಯ್ತು. ಹೊಸದು ಬಂದು ಕೂತಿದೆ. ಎಲ್ಲರ ಮೇಲ್‌ಬಾಕ್ಸನ್ನೂ ಹಳೇದರಿಂದ ಹೊಸದಕ್ಕೆ ಸಾಗಿಸಬೇಕಂತೆ. ಹೊರಗಿಂದ ಯಾರಾದ್ರೂ ತಿಳಿದವರನ್ನ ಕರೆಸೋಣ್ವಾ?”

ಆ ‘ತಿಳಿದವರನ್ನ’ ಎಂಬ ಮಾತು ಕಂಪ್ಯೂಟರಕ್ಕನಿಗೆ ಮುಳ್ಳಿನಂತೆ ಚುಚ್ಚಿತು. “ಅದಕ್ಕೆ ಹೊರಗಿನವರು ಯಾಕೆ ಸಾರ್? ಈ ಡಬ್ಬಿಯಿಂದ ಆ ಡಬ್ಬಿಗೆ ಸುರಿಯೋದು ತಾನೇ? ರಜಾ ದಿನ ಬಂದು ಮುಗಿಸಿಬಿಡ್ತೀನಿ” ಎಂದಳು. ಎಂದಮೇಲೆ, ಯಾರಾದರೂ ‘ಬೇಡಮ್ಮಾ’ ಅನ್ನಬಹುದೇನೋ ಎಂದು ಸುತ್ತ ನೋಡಿದಳು. ಯಾರೂ ಅನ್ನಲಿಲ್ಲ. ಉಚಿತವಾಗಿ ಬಾವಿಗೆ ಹಾರುವವರನ್ನು ತಡೆಯುವ ಅಭ್ಯಾಸ ಆ ಆಫೀಸಿನಲ್ಲಿ ಇರಲಿಲ್ಲ.

ರಜಾ ದಿನ ಬಂದಳು. ಹೊಸ ಸರ್ವರಿನ ಜೊತೆ ಒಂದು ಕೈಪಿಡಿ ಇತ್ತು. ಅದರ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ಸಾಗಿಸುವ ಮುನ್ನ ಓದಿ’ ಎಂದಿತ್ತು. ಪುಸ್ತಕದ ಮೊದಲ ಪುಟಗಳನ್ನು ಹಾರಿಸಿ ನೇರ ಕಥೆಗೆ ಹೋಗುವುದು ಅವಳ ಚಿಕ್ಕಂದಿನ ಅಭ್ಯಾಸ. ಹಾರಿಸಿದಳು. ‘ಮುಂದೆ’ ಎಂಬ ಗುಂಡಿ ಕಂಡಲ್ಲೆಲ್ಲ ಒತ್ತಿದಳು. ಪರದೆಯ ಮೇಲೊಂದು ನೀಲಿ ಪಟ್ಟಿ ಬಸವನಹುಳುವಿನಂತೆ ತೆವಳಿ ತೆವಳಿ ಕೊನೆ ಮುಟ್ಟಿತು. ಆಮೇಲೆ ಪರೀಕ್ಷೆ. ಅವಳು ಟೈಪಿಂಗ್ ಶಾಲೆಯಲ್ಲಿ ಕಲಿತವಳು. ಹತ್ತೂ ಬೆರಳಿಗೆ ಕೆಲಸ ಕೊಟ್ಟು, ಒಬ್ಬೊಬ್ಬರ ವಿಳಾಸವನ್ನೂ ಅಕ್ಷರ ಬಿಡದೆ ಟೈಪ್ ಮಾಡಿ, ‘ಪರೀಕ್ಷೆ’ ಎಂದು ಬರೆದು ಕಳಿಸಿದಳು. ಎಲ್ಲ ಪತ್ರಗಳೂ ಸರಾಗವಾಗಿ ಹೋಗಿ ಸೇರಿದವು. ಮನೆಗೆ ಹೋಗುವಾಗ ಅವಳ ನಡಿಗೆಯೇ ಬೇರೆಯಾಗಿತ್ತು. ನಾದಿನಿಗೆ ತಾನೇ ಫೋನು ಮಾಡಿದಳು.

ವಾರದ ಮೊದಲ ದಿನ ಬೆಳಿಗ್ಗೆ ಮ್ಯಾನೇಜರು ಎಲ್ಲರೆದುರು, “ಭೇಷ್! ಒಂದು ಪತ್ರವೂ ಕಳೆದಿಲ್ಲ!” ಎಂದರು. ಚಪ್ಪಾಳೆ ಬಿತ್ತು. ಚಪ್ಪಾಳೆಯ ಸದ್ದು ಅಡಗುವ ಮೊದಲೇ ಸ್ಟೋರ್‌ಕೀಪರು ಅವಳ ಮೇಜಿನ ಬಳಿ ಬಂದು, ಬಗ್ಗಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದರು.

“ಅಕ್ಕಾ, ಸೇಲ್ಸ್ ಸಾಹೇಬ್ರನ್ನ ತೆಗೆದುಬಿಟ್ರಾ?”

“ಎಲ್ಲಿಂದ?”

“ಕೆಲಸದಿಂದ. ಈಗಷ್ಟೇ ಅವರಿಗೆ ಒಂದು ಮೇಲ್ ಹಾಕ್ದೆ. ಹೋದಷ್ಟೇ ಬೇಗ ವಾಪಸ್ ಬಂತು. ಇಲ್ಲಿ ನೋಡಿ, ಬರೆದಿದೆ: ‘ಈ ಹೆಸರಿನವರು ಈ ಸಂಸ್ಥೆಯಲ್ಲಿ ಇಲ್ಲ.’”

ಕಂಪ್ಯೂಟರಕ್ಕ ಕೂಡಲೇ ತಾನೇ ಸೇಲ್ಸ್ ಸಾಹೇಬರ ವಿಳಾಸ ಟೈಪ್ ಮಾಡಿ ಒಂದು ಪತ್ರ ಕಳಿಸಿ ನೋಡಿದಳು. ಹೋಯಿತು; ಸದ್ದಿಲ್ಲದೆ ಹೋಯಿತು. ಅಂದರೆ ತನ್ನ ಕೆಲಸದಲ್ಲಿ ತಪ್ಪಿಲ್ಲ. ತನ್ನ ಕೆಲಸದಲ್ಲಿ ತಪ್ಪಿಲ್ಲವೆಂದಮೇಲೆ ತಪ್ಪು ಲೋಕದ್ದೇ ಆಗಿರಬೇಕು. ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಆಮೇಲೆ ಇಡೀ ಆಫೀಸನ್ನೇ ಅಲ್ಲಾಡಿಸಿದ ಆ ಮಾತನ್ನು ಆಡಿದಳು:

“ನೋಡಿ ಸ್ಟೋರ್‌ನವರೇ, ಸರ್ವರ್ ಸುಳ್ಳು ಹೇಳೋದಿಲ್ಲ. ಮೇಲಿನವರು ಏನಾದ್ರೂ ತೀರ್ಮಾನ ಮಾಡಿರಬಹುದು. ನನ್ನ ಬಾಯಿಂದ ಹೇಳಿಸಬೇಡಿ.”

ಅವಳ ಬಾಯಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ. ಆದರೆ ‘ಹೇಳಿಸಬೇಡಿ’ ಎಂದವರ ಬಾಯಲ್ಲಿ ಎಲ್ಲವೂ ಇದೆ ಎಂದು ನಂಬುವುದು ಮನುಷ್ಯರ ಸ್ವಭಾವ.

ಊಟದ ಹೊತ್ತಿಗೆ ಸುದ್ದಿ ಕೊಂಬೆ ರೆಂಬೆ ಚಾಚಿತ್ತು. ಅಕೌಂಟೆಂಟು ಸ್ಟೋರ್‌ಕೀಪರಿಗೆ ಬರೆದ ಪತ್ರ ವಾಪಸು ಬಂದಿತ್ತು. ಸ್ಟೋರ್‌ಕೀಪರು ಅಕೌಂಟೆಂಟಿಗೆ ಬರೆದದ್ದೂ ವಾಪಸು ಬಂದಿತ್ತು. ಯಾರೂ ತಮಗೆ ತಾವೇ ಪತ್ರ ಬರೆದುಕೊಳ್ಳುವುದಿಲ್ಲವಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಮಿಕ್ಕವರ ಕೆಲಸ ಹೋಗಿರುವುದು ಗೊತ್ತಿತ್ತು, ತಮ್ಮದು ಗೊತ್ತಿರಲಿಲ್ಲ. ನೀರಿನ ಹೂಜಿಯ ಬಳಿ ಅವರಿಬ್ಬರೂ ಎದುರಾದಾಗ ಅಕೌಂಟೆಂಟು ಸ್ಟೋರ್‌ಕೀಪರ ಹೆಗಲ ಮೇಲೆ ಕೈ ಇಟ್ಟರು. ಸ್ಟೋರ್‌ಕೀಪರು ಅಕೌಂಟೆಂಟರ ಕೈ ಹಿಡಿದುಕೊಂಡರು.

“ಧೈರ್ಯವಾಗಿರಿ” ಎಂದರು ಅಕೌಂಟೆಂಟು.

“ನೀವೂ ಅಷ್ಟೆ. ಮಕ್ಕಳ ಮುಖ ನೋಡಿ ಗಟ್ಟಿ ಮನಸ್ಸು ಮಾಡ್ಕೊಳ್ಳಿ” ಎಂದರು ಸ್ಟೋರ್‌ಕೀಪರು.

“ಪಾಪ, ಇಂಥ ಹೊತ್ತಲ್ಲೂ ನನ್ನ ಮಕ್ಕಳನ್ನ ನೆನೀತಾ ಇದ್ದೀರಲ್ಲ” ಎಂದು ಅಕೌಂಟೆಂಟು ಕಣ್ಣೊರೆಸಿಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ಕರುಣೆಯಿಂದ ನೋಡುತ್ತ ಹಿಂದೆ ಹಿಂದೆ ನಡೆದು ತಮ್ಮ ತಮ್ಮ ಕುರ್ಚಿ ಸೇರಿದರು.

ಮ್ಯಾನೇಜರ ವಿಷಯ ಇನ್ನೂ ಘೋರವಾಗಿತ್ತು. ಅವರಿಗೆ ಬರೆದ ಪತ್ರವೂ ‘ಈ ಹೆಸರಿನವರು ಇಲ್ಲ’ ಎಂದು ಹಿಂತಿರುಗಿದಾಗ, ಹೆಡ್ ಆಫೀಸಿನವರು ಬೇರನ್ನೇ ಕಿತ್ತುಹಾಕಿದ್ದಾರೆಂದು ಎಲ್ಲರಿಗೂ ಖಾತ್ರಿಯಾಯಿತು. ಆದರೆ ಸ್ವತಃ ಅವರಿಗೆ ಹೇಳುವವರು ಯಾರು? ಯಾರೂ ಹೇಳಲಿಲ್ಲ. ಬದಲಿಗೆ ಅವರ ಕೋಣೆಗೆ ಒಂದರ ಹಿಂದೆ ಒಂದು ಚಹಾ ಹೋಯಿತು. ಯಾವತ್ತೂ ಎದುರಾಡುತ್ತಿದ್ದ ಸೇಲ್ಸ್ ಸಾಹೇಬರು ಹೋಗಿ, “ನಿಮ್ಮಂಥ ಮ್ಯಾನೇಜರು ನಮಗೆ ಇನ್ನು ಸಿಗಲ್ಲ ಬಿಡಿ ಸಾರ್” ಎಂದು ಬಂದರು. ಮ್ಯಾನೇಜರು ಆ ಸಂಜೆ ಹೆಂಡತಿಯ ಬಳಿ, “ನನ್ನ ಬೆಲೆ ಆಫೀಸಿನಲ್ಲಿ ಈಗ ಗೊತ್ತಾಗ್ತಾ ಇದೆ” ಎಂದು ಹೇಳಿಕೊಂಡರಂತೆ.

ಈ ಗೊಂದಲದಲ್ಲಿ ಬಾಯಿಗೆ ಬೀಗವಿಲ್ಲದ ಸ್ಟೋರ್‌ಕೀಪರು ಒಬ್ಬಳಿಗೆ ಮಾತ್ರ ಅವಳ ಹೆಸರೂ ಇಲ್ಲವೆಂದು ನೇರವಾಗಿ ಹೇಳಿಬಿಟ್ಟರು. ಅವಳು ಮುಂಬಾಗಿಲಲ್ಲಿ ಕೂತು ಫೋನು ತೆಗೆಯುವವಳು. ಫೋನಿರಲಿ, ಬಾಗಿಲ ಸದ್ದಿರಲಿ, ಸೀನಿರಲಿ, ಎಲ್ಲಕ್ಕೂ “ಹಲೋ” ಎನ್ನುತ್ತಿದ್ದುದರಿಂದ ಅವಳ ಹೆಸರೇ ಹಲೋ ಎಂದಾಗಿತ್ತು. ಹಲೋ, ಕಂಪ್ಯೂಟರಕ್ಕನ ಊಟದ ಜೊತೆಗಾತಿ. ಅಣ್ಣ ಅತ್ತಿಗೆಯ ಮನೆಯ ಹಜಾರದಲ್ಲಿ, ಟೀವಿ ಆರುವವರೆಗೆ ಮಲಗಲಾಗದೆ ಬಹಳ ಕಾಲ ಕಳೆದವಳು, ಈಚೆಗಷ್ಟೇ ಒಂದು ಮೂರನೇ ಮಹಡಿಯ ಕೋಣೆ ಹಿಡಿದಿದ್ದಳು. ಒಂದು ಕಿಟಕಿ, ಒಂದು ಒಲೆ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ. “ಅಕ್ಕಾ, ಚಿಲಕ ಹಾಕಿದಾಗ ‘ಟಕ್’ ಅನ್ನುತ್ತಲ್ಲ, ಅದನ್ನ ಕೇಳೋಕ್ಕೇ ಎರಡೆರಡು ಸಲ ಹಾಕ್ತೀನಿ” ಎಂದು ಹೇಳಿ ನಕ್ಕಿದ್ದಳು. ಕೆಲಸ ಹೋದರೆ ಕೋಣೆ ಹೋಯಿತು. ಕೋಣೆ ಹೋದರೆ ಮತ್ತೆ ಅತ್ತಿಗೆಯ ಹಜಾರ.

ಸಂಜೆ ಅವಳು ಕಂಪ್ಯೂಟರಕ್ಕನ ಮೇಜಿನ ಬಳಿ ಬಂದು ನಿಂತಳು. “ಅಕ್ಕಾ, ನನ್ನ ಹೆಸರೂ ಇಲ್ವಂತೆ. ನಿಜವಾ?”

“ಇರು, ನೋಡ್ತೀನಿ.” ಕಂಪ್ಯೂಟರಕ್ಕ ಹತ್ತು ಬೆರಳಲ್ಲಿ ವಿಳಾಸ ಟೈಪ್ ಮಾಡಿ ಕಳಿಸಿದಳು. ಹೋಯಿತು. “ನೋಡು, ನಾನು ಕಳಿಸಿದ್ರೆ ಬರ್ತಿದೆಯಲ್ಲ! ನೀನು ಇದ್ದೀಯಾ ಕಣೇ.”

“ನೀವು ಕಳಿಸಿದ್ರೆ ಮಾತ್ರ ಬರುತ್ತೆ. ನಿಮ್ಮ ಕೈಗೆ ಅಧಿಕಾರ ಇದೆ. ಮಿಕ್ಕವರು ಯಾರು ಕಳಿಸಿದ್ರೂ ಇಲ್ಲ ಅಂತಿದೆ. ಸರ್ವರ್ ಸುಳ್ಳು ಹೇಳಲ್ಲ ಅಂತ ನೀವೇ ಅಂದ್ರಂತೆ.”

ಕಂಪ್ಯೂಟರಕ್ಕನಿಗೆ ಆಗಲೇ ‘ನನಗೇನೂ ಗೊತ್ತಿಲ್ಲಮ್ಮ’ ಎನ್ನಬಹುದಿತ್ತು. ಎರಡೇ ಪದ. ಬಿಸಿ ತುಪ್ಪದಂತೆ ಅವು ಗಂಟಲಲ್ಲೇ ನಿಂತವು. “ನಾಳೆ ವಿಚಾರಿಸ್ತೀನಿ” ಎಂದಳು, ಹೆಡ್ ಆಫೀಸು ತನ್ನ ಚಿಕ್ಕಪ್ಪನ ಮನೆಯೋ ಎಂಬಂತೆ.

ಮನೆಗೆ ಬಂದರೆ ಬಾಗಿಲಲ್ಲೇ ಪಕ್ಕದ ಮನೆಯಾಕೆ. ಹಿಂದೆ ಕಂಪ್ಯೂಟರಕ್ಕನ ಗಂಡ, ಮುಖದ ತುಂಬ ಹೆಮ್ಮೆ. ಊಟದ ಹೊತ್ತಿಗೆ ಫೋನಿನಲ್ಲಿ ಹೆಂಡತಿಯಿಂದ ಕೇಳಿದ್ದನ್ನು ಅವರು ಅರ್ಧ ಬೀದಿಗೆ ಹಂಚಿ ಮುಗಿಸಿದ್ದರು.

“ಏನಿಲ್ಲ, ನಮ್ಮ ಅಳಿಯನ ಆಫೀಸಿನಲ್ಲಿ ಒಬ್ಬ ಮೇಲಧಿಕಾರಿ ಇದ್ದಾನೆ” ಎಂದು ಪಕ್ಕದ ಮನೆಯಾಕೆ ದನಿ ತಗ್ಗಿಸಿದಳು. “ತುಂಬಾ ಕಾಟ. ಒಂದು ಸಲ ಅವನನ್ನೂ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ ಅನ್ನಿಸಿಬಿಡಿ.”

“ಅಯ್ಯೋ, ಹಾಗೆಲ್ಲ ಮಾಡೋಕ್ಕಾಗಲ್ಲ ರೀ!”

“ಯಾಕಾಗಲ್ಲ?” ಎಂದು ಗಂಡ ಮಧ್ಯೆ ಬಂದರು. “ಒಂದು ದಿನದಲ್ಲಿ ಮ್ಯಾನೇಜರನ್ನೇ ತೆಗೆದವಳು! ವಿನಯ ಜಾಸ್ತಿ ಇವಳಿಗೆ.”

“ರೀ, ನಾನು ಯಾರನ್ನೂ ತೆಗೆದಿಲ್ಲ.”

“ನೋಡಿದ್ರಾ?” ಎಂದರು ಗಂಡ, ಪಕ್ಕದ ಮನೆಯಾಕೆಗೆ ಕಣ್ಣು ಮಿಟುಕಿಸಿ. “ಆಫೀಸಿನ ಗುಟ್ಟನ್ನ ಮನೇಲೂ ಬಿಡಲ್ಲ.” ಮದುವೆಯಾದಂದಿನಿಂದ ಹೆಂಡತಿಯ ಯಾವ ಮಾತನ್ನೂ ಪೂರ್ತಿ ಕೇಳದ ಆ ಮನುಷ್ಯ ಅಂದು ಅವಳಿಗಾಗಿ ತಾನೇ ಕುರ್ಚಿ ಎಳೆದು ಹಾಕಿದರು. ಕಂಪ್ಯೂಟರಕ್ಕ ಕೂತಳು. ಕುರ್ಚಿ ಮೆತ್ತಗಿತ್ತು. ಪಾಪ, ಯಾರಿಗೆ ತಾನೇ ಎದ್ದು ನಿಲ್ಲಬೇಕು ಅನಿಸೀತು?

ಮರುದಿನ ಬೆಳಿಗ್ಗೆ ಹಲೋ ತನ್ನ ಮೇಜಿನ ಡ್ರಾಯರನ್ನು ಖಾಲಿ ಮಾಡುತ್ತಿದ್ದಳು. ಬಾಚಣಿಗೆ, ತಲೆನೋವಿನ ಮಾತ್ರೆ, ಒಂಟಿ ಕಿವಿಯೋಲೆ. ಕಣ್ಣು ಊದಿತ್ತು.

“ಅವರು ತೆಗೆಯೋ ಮೊದಲು ನಾನೇ ಬಿಡ್ತೀನಿ ಅಕ್ಕಾ. ಕತ್ತು ಹಿಡಿದು ನೂಕಿಸಿಕೊಳ್ಳೋದು ಯಾಕೆ? ಅಣ್ಣನಿಗೆ ನಿನ್ನೆಯೇ ಹೇಳ್ದೆ. ಅವನು ಆಗಲೇ ವ್ಯಾನ್ ತಂದು ನನ್ನ ಸಾಮಾನು ತುಂಬಿಸ್ತಾ ಇದ್ದಾನೆ, ಇನ್ನೇನು ಇಲ್ಲಿಗೇ ಬರ್ತಾನೆ.” ಅವಳು ಮೂಗೊರೆಸಿಕೊಂಡಳು. “ಆದ್ರೆ ನನ್ನ ಹಣೆಬರಹ ನೋಡಿ, ರಾಜೀನಾಮೆ ಕೊಡೋಕ್ಕೂ ಬಿಡ್ತಾ ಇಲ್ಲ. ಎಷ್ಟು ಸಲ ಕಳಿಸಿದ್ರೂ ಮ್ಯಾನೇಜರೇ ಇಲ್ಲ ಅಂತಿದೆ.”

ಗಾಜಿನ ಗೋಡೆಯಾಚೆ ಮ್ಯಾನೇಜರು ಮೂರನೇ ಚಹಾ ಕುಡಿಯುತ್ತ, ಇದ್ದೇ ಇದ್ದರು.

“ಕಳಿಸು ನೋಡೋಣ, ನನ್ನೆದುರಿಗೆ” ಎಂದಳು ಕಂಪ್ಯೂಟರಕ್ಕ.

ಹಲೋ ಪರದೆಯ ಮೇಲೆ ಕೆಳಗೆ, ಕೆಳಗೆ, ಇನ್ನೂ ಕೆಳಗೆ ಸರಿದು, ಎಂದೋ ಒಂದು ಕಾಲದಲ್ಲಿ ಮ್ಯಾನೇಜರು ಬರೆದಿದ್ದ ‘ಕೈತೊಳೆಯುವಲ್ಲಿ ನಲ್ಲಿ ಸೋರುತ್ತಿದೆ’ ಎಂಬ ಪತ್ರವನ್ನು ತೆರೆದು, ಅದಕ್ಕೆ ‘ರಿಪ್ಲೈ’ ಒತ್ತಿದಳು.

“ಇದೇನೇ ಇದು? ರಾಜೀನಾಮೆಯನ್ನ ನಲ್ಲಿ ಕೆಳಗೆ ಹಿಡೀತಾ ಇದ್ದೀಯಾ?”

“ಎಲ್ಲರೂ ಹೀಗೇ ಮಾಡೋದು. ವಿಳಾಸ ಎಲ್ಲಾ ಯಾರು ಕೂತು ಟೈಪ್ ಮಾಡ್ತಾರೆ? ಅವರದ್ದು ಯಾವುದಾದ್ರೂ ಹಳೇ ಮೇಲ್ ಹುಡುಕೋದು, ರಿಪ್ಲೈ ಒತ್ತೋದು, ಬರೆಯೋದು. ಸ್ಟೋರ್‌ನವರು ಮಗಳ ಮದುವೆಗೆ ಕರೆದದ್ದೂ ‘ಕೆಟ್ಟ ಸ್ಕ್ರೂ ಬಂದಿದೆ’ ಅನ್ನೋ ಮೇಲಿನಲ್ಲೇ.”

ಪತ್ರ ಹೋಯಿತು. ವಾಪಸು ಬಂತು. ಕಂಪ್ಯೂಟರಕ್ಕ ಹಲೋಳನ್ನು ಸರಿಸಿ ಕೂತು, ಅದೇ ವಿಳಾಸವನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿ, ‘ಪರೀಕ್ಷೆ’ ಎಂದು ಕಳಿಸಿದಳು. ಗಾಜಿನಾಚೆ ಮ್ಯಾನೇಜರ ಕಂಪ್ಯೂಟರು ‘ಟಿಣ್’ ಎಂದಿತು.

ಅವಳು ಕಡತಗಳ ಕೋಣೆಗೆ ಓಡಿ, ಬಾಗಿಲು ಮುಚ್ಚಿ, ಸರ್ವರ್ ಮಾರಿದವರ ಸಹಾಯವಾಣಿಗೆ ಫೋನು ಮಾಡಿದಳು. ಅತ್ತಲಿಂದ ಒಬ್ಬಾಕೆ ಬೇಸರದ ದನಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಳು.

“ಹಳೇ ಮೇಲಿಗೆ ರಿಪ್ಲೈ ಒತ್ತಿದಾಗ ನಿಮಗೆ ಕಾಣೋದು ಹೆಸರು ಮಾತ್ರ ಮೇಡಂ. ಹೆಸರಿನ ಬೆನ್ನಿಗೆ ಹಳೇ ಸರ್ವರ್ ಕೊಟ್ಟ ಗುರುತು ಅಂಟಿಕೊಂಡಿರುತ್ತೆ. ಹೊಸ ಸರ್ವರಿಗೆ ಆ ಗುರುತು ಗೊತ್ತಿಲ್ಲ, ಅದಕ್ಕೇ ಇಂಥವರು ಇಲ್ಲ ಅನ್ನುತ್ತೆ. ವಾಪಸ್ ಬಂದ ಪತ್ರದಲ್ಲಿ ಒಂದು ಉದ್ದ ಸಾಲು ಇರುತ್ತಲ್ಲ, ಅದೇ ಆ ಗುರುತು. ಪ್ರತಿಯೊಬ್ಬರ ಹೊಸ ಮೇಲ್‌ಬಾಕ್ಸಿಗೂ ಅದನ್ನ ಎರಡನೇ ವಿಳಾಸ ಅಂತ ಸೇರಿಸಿ. ಸರಿಹೋಗುತ್ತೆ.”

“ಅಷ್ಟೇನಾ?”

“ಅಷ್ಟೇ. ಇದು ಕೈಪಿಡಿಯ ಮೊದಲ ಪುಟದಲ್ಲೇ ಇದೆ. ಓದ್ಲಿಲ್ವಾ?”

“ಮುನ್ನುಡಿ ಇರಬೇಕು ಅಂದ್ಕೊಂಡೆ” ಎಂದಳು ಕಂಪ್ಯೂಟರಕ್ಕ, ಅತಿ ಸಣ್ಣ ದನಿಯಲ್ಲಿ.

ಫೋನು ಇಟ್ಟಾಗ ಅವಳ ತಲೆಯಲ್ಲೊಂದು ಬಲು ಚೆಂದದ ಉಪಾಯ ಮೂಡಿತು. ಯಾರಿಗೂ ಹೇಳದೆ ಸರಿಪಡಿಸಿಬಿಟ್ಟರೆ? ಎಲ್ಲರ ಕೆಲಸವೂ ವಾಪಸು ಬಂದಂತೆ ಕಾಣುತ್ತದೆ. ಕಂಪ್ಯೂಟರಕ್ಕ ಹೆಡ್ ಆಫೀಸಿನ ಜೊತೆ ಜಗಳವಾಡಿ ಉಳಿಸಿದಳು ಎಂದೂ ಜನ ಅಂದುಕೊಳ್ಳಬಹುದು; ಅಂದುಕೊಳ್ಳುವವರ ಬಾಯಿ ಕಟ್ಟೋಕ್ಕಾಗುತ್ತಾ? ಇಷ್ಟು ಲೆಕ್ಕ ಹಾಕಿಕೊಂಡು ಹೊರಬಂದು ಹಲೋಳ ಕಿವಿಯಲ್ಲಿ, “ಎಲ್ಲಾ ಸರಿಹೋಗುತ್ತೆ ಕಣೇ. ನಾನು ಮಾತಾಡಿದ್ದೀನಿ. ಸಂಜೆಯೊಳಗೆ ನಿನ್ನ ಹೆಸರು ಬರುತ್ತೆ” ಎಂದಳು.

ಹಲೋ ತಲೆ ಅಲ್ಲಾಡಿಸಿದಳು. “ಬೇಡ ಅಕ್ಕಾ. ಇವತ್ತು ಹಾಕಿದವರು ನಾಳೆ ಮತ್ತೆ ತೆಗೀತಾರೆ. ಇಂಥವರನ್ನ ನಂಬ್ಕೊಂಡು ಕೋಣೆ ಇಟ್ಕೊಳ್ಳೋಕ್ಕಾಗಲ್ಲ.” ಚೀಲದ ಜಿಪ್ಪು ಎಳೆದಳು. ಕೆಳಗೆ ರಸ್ತೆಯಲ್ಲಿ ವ್ಯಾನಿನ ಹಾರ್ನು ಕೇಳಿಸಿತು. ಕಿಟಕಿಯಿಂದ ಬಗ್ಗಿ ನೋಡಿದರೆ ಮಡಚಿದ ಹಾಸಿಗೆ, ಒಂದು ಸಣ್ಣ ಬೀರು, ಕಾಲು ಮೇಲೆ ಮಾಡಿಕೊಂಡ ಒಂದು ಸ್ಟೂಲು.

ಆ ಸ್ಟೂಲಿನ ಕಾಲುಗಳನ್ನು ನೋಡಿದ್ದೇ, ಕಂಪ್ಯೂಟರಕ್ಕ ಆಫೀಸಿನ ನಟ್ಟನಡುವೆ ಹೋಗಿ ನಿಂತು ಕೂಗಿದಳು:

“ಎಲ್ಲರೂ ಕೇಳಿ! ಯಾರ ಕೆಲಸವೂ ಹೋಗಿಲ್ಲ! ತಪ್ಪು ನನ್ನದು! ನಾನು ಮೇಲ್‌ಬಾಕ್ಸ್ ಸಾಗಿಸುವಾಗ ಹಳೇ ಗುರುತುಗಳನ್ನ ಅಲ್ಲೇ ಬಿಟ್ಟು ಬಂದಿದ್ದೀನಿ!”

ಸ್ಟೋರ್‌ಕೀಪರು ನಿಟ್ಟುಸಿರು ಬಿಟ್ಟರು. “ಎಂಥ ದೊಡ್ಡ ಮನಸ್ಸು ನೋಡಿ. ಹೆಡ್ ಆಫೀಸಿನವರು ಮಾಡಿದ ಪಾಪಾನ ತಮ್ಮ ಮೇಲೆ ಎಳ್ಕೊಳ್ತಾ ಇದ್ದಾರೆ.”

“ಇಲ್ಲಾ ರೀ! ನಾನು ದಡ್ಡಿ! ನನಗೆ ಕಂಪ್ಯೂಟರಿನ ತಲೆ ಬುಡ ಗೊತ್ತಿಲ್ಲ!”

“ವಿನಯ” ಎಂದರು ಅಕೌಂಟೆಂಟು, ಕಣ್ಣು ತುಂಬಿಕೊಂಡು.

“ಅಯ್ಯೋ ದೇವರೇ, ಕೈಪಿಡಿಯ ಮೊದಲ ಪುಟ ಕೂಡ ಓದಿಲ್ಲ ನಾನು!”

“ಓದೋ ಅಗತ್ಯ ನಿಮಗೆಲ್ಲಿದೆ?” ಎಂದರು ಸೇಲ್ಸ್ ಸಾಹೇಬರು.

ಜಂಬ ಕೊಚ್ಚಿದ ದಿನ ಜನ ಸುಲಭವಾಗಿ ನಂಬಿದ್ದರು. ದಡ್ಡತನಕ್ಕೆ ಇಷ್ಟೊಂದು ಸಾಕ್ಷಿ ಬೇಕಾಗುತ್ತದೆಂದು ಕಂಪ್ಯೂಟರಕ್ಕ ಕನಸಿನಲ್ಲೂ ಎಣಿಸಿರಲಿಲ್ಲ. ಗದ್ದಲಕ್ಕೆ ಮ್ಯಾನೇಜರೂ ಕಪ್ಪು ಹಿಡಿದು ಹೊರಬಂದರು. ಅವಳು ಕೂತು, ಎಂದೋ ಇಡೀ ಆಫೀಸಿಗೆ ಹೋಗಿದ್ದ ‘ಫ್ಯಾನ್ ಆರಿಸಿ ಹೋಗಿ’ ಎಂಬ ಹಳೇ ಪತ್ರ ತೆರೆದು, ‘ಎಲ್ಲರಿಗೂ ರಿಪ್ಲೈ’ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು.

“ಸಾರ್, ಗಟ್ಟಿಯಾಗಿ ಓದಿ.”

ಮ್ಯಾನೇಜರು ಓದಿದರು. “ಕೆಳಗೆ ಹೇಳಿದವರು ಈ ಸಂಸ್ಥೆಯಲ್ಲಿ ಇಲ್ಲ. ಸೇಲ್ಸ್… ಅಕೌಂಟ್ಸ್… ಸ್ಟೋರ್ಸ್…”

“ಏನು? ನಾನೂನಾ?” ಸ್ಟೋರ್‌ಕೀಪರು ಕುರ್ಚಿ ಹಿಡಿದುಕೊಂಡರು. “ನಿನ್ನೆಯಿಂದ ಎಲ್ಲರಿಗೂ ಸಮಾಧಾನ ಹೇಳ್ತಾ ಓಡಾಡಿದವನು ನಾನು!”

“ನನಗೆ ಧೈರ್ಯ ಹೇಳಿದವರು ನೀವೇ ಇರಲಿಲ್ವಾ?” ಎಂದರು ಅಕೌಂಟೆಂಟು.

“ಮ್ಯಾನೇಜರ್…” ಎಂದು ಓದಿದ ಮ್ಯಾನೇಜರು ನಿಲ್ಲಿಸಿ, ಕೈಯಲ್ಲಿದ್ದ ಚಹಾವನ್ನೂ ಸುತ್ತಲಿನ ಮುಖಗಳನ್ನೂ ಸರದಿಯಂತೆ ನೋಡಿದರು. “ಓಹೋ. ಇದಕ್ಕಾ ಈ ಚಹಾ?” ಅವರು ಮತ್ತೆ ಪರದೆಯತ್ತ ಬಗ್ಗಿದರು. “ಕೊನೇಲಿ ಇನ್ನೊಂದು ಹೆಸರಿದೆ. ಕಂಪ್ಯೂಟರಕ್ಕ, ನೀವೂ ಇಲ್ಲವಂತೆ.”

ಎಲ್ಲಿಂದಲೋ ಒಂದು ನಗು ಸಿಡಿಯಿತು. ಅದು ಹಲೋಳದ್ದು. ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತದ್ದೇ ಮುಖ ಕೆಂಪಾಯಿತು.

“ರಾತ್ರಿಯೆಲ್ಲಾ ಅತ್ತಿದ್ದೀನಿ ನಾನು! ನಿನ್ನೆಯೇ ‘ನನಗೆ ಗೊತ್ತಿಲ್ಲ’ ಅಂದಿದ್ರೆ ನಿನ್ನ ಗಂಟು ಏನು ಹೋಗ್ತಿತ್ತು?”

‘ನೀವು’ ಹೋಗಿ ‘ನೀನು’ ಬಂದದ್ದನ್ನು ಕಂಪ್ಯೂಟರಕ್ಕ ಗಮನಿಸಿದಳು. ಬೈಗುಳವಾದರೂ ಅದು ಹತ್ತಿರದ ಬೈಗುಳವಾಗಿತ್ತು. “ಹೋಗ್ತಿತ್ತು ಕಣೇ,” ಎಂದಳು. “ಈಗ ಹೋಯ್ತಲ್ಲ, ಅದೇ.”

ಆಮೇಲೆ ಅವಳು ಕೈಪಿಡಿಯ ಮೊದಲ ಪುಟವನ್ನು ತೊಡೆಯ ಮೇಲೆ ಹರಡಿಕೊಂಡು, ಆ ಉದ್ದುದ್ದ ಸಾಲುಗಳನ್ನು ಒಬ್ಬೊಬ್ಬರ ಮೇಲ್‌ಬಾಕ್ಸಿಗೂ ಸೇರಿಸಿದಳು. ಒಬ್ಬೊಬ್ಬರಾಗಿ ಜನ ಆಫೀಸಿಗೆ ಮರಳಿ ಹುಟ್ಟಿ ಬಂದರು. ಮ್ಯಾನೇಜರ ಕೋಣೆಗೆ ಹೋಗುತ್ತಿದ್ದ ಚಹಾ ಮಾತ್ರ ಅಲ್ಲಿಗೇ ನಿಂತಿತು.

ಹಲೋ, ಕಂಪ್ಯೂಟರಕ್ಕ ಇಬ್ಬರೂ ಕೆಳಗಿಳಿದಾಗ ಅಣ್ಣ ಹಾರ್ನು ಒತ್ತೀ ಒತ್ತೀ ಬೇಸತ್ತಿದ್ದ. “ಏನೇ, ಹೊರಡೋಣ್ವಾ? ನಾನು ಆವತ್ತೇ ಹೇಳಿದ್ದೆ, ನಿನಗೆಲ್ಲಾ ಬೇರೆ ಕೋಣೆ ಆಗಿಬರಲ್ಲ ಅಂತ. ಅತ್ತಿಗೆ ಹಜಾರ ಗುಡಿಸಿಟ್ಟಿದ್ದಾಳೆ.”

“ಅಣ್ಣಾ, ಗಾಡಿ ತಿರುಗಿಸು” ಎಂದಳು ಹಲೋ. “ನನ್ನ ಕೋಣೆಗೆ.”

“ಮೂರನೇ ಮಹಡಿ! ಬೆಳಿಗ್ಗೆ ಇಳಿಸಿದ್ದಕ್ಕೇ ಸೊಂಟ ಹೋಗಿದೆ. ಮತ್ತೆ ಹತ್ತಿಸೋರು ಯಾರು?”

ಹಲೋ ತಿರುಗಿ ನೋಡಿದಳು. ಹೇಳುವ ಅಗತ್ಯವಿರಲಿಲ್ಲ, ಕಂಪ್ಯೂಟರಕ್ಕ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಬೀರು ಮೊದಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಸ್ಟೂಲು ಎರಡನೇ ತಿರುವಿನಲ್ಲಿ ಅವಳ ಮೊಣಕಾಲನ್ನು ಹುಡುಕಿಕೊಂಡು ಬಂತು. ಹಾಸಿಗೆಯನ್ನು ತಲೆಯ ಮೇಲೆ ಹೊತ್ತು, ಎದುರಿಗೇನೂ ಕಾಣದೆ, ಗೋಡೆ ತಡವಿಕೊಂಡು ಹತ್ತುತ್ತಿದ್ದಾಗ ಮೆಟ್ಟಿಲ ಮೇಲಿಂದ ಮನೆ ಒಡತಿಯ ದನಿ ಕೇಳಿಸಿತು: “ಯಾರಿದು?”

“ನಮ್ಮ ಆಫೀಸಿನವರು” ಎಂದಳು ಹಲೋ. “ಸಾಗಿಸೋ ಕೆಲಸ ಎಲ್ಲಾ ಇವರದ್ದೇ.”

ಕೋಣೆಯೊಳಗೆ ಹಾಸಿಗೆ ಬಿತ್ತು. ಹಾಸಿಗೆಯ ಮೇಲೆ ಕಂಪ್ಯೂಟರಕ್ಕನೂ ಬಿದ್ದಳು. ಹಲೋ ಬಾಗಿಲು ಹಾಕಿ ಚಿಲಕ ಸರಿಸಿ, ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು.

“ಎಲ್ಲಾ ಬಂತಾ ಅಕ್ಕಾ?”

ಕಂಪ್ಯೂಟರಕ್ಕ ಮಲಗಿದಲ್ಲಿಂದಲೇ ಏದುಸಿರು ಬಿಡುತ್ತ ಹೇಳಿದಳು, “ನೀನೇ ಒಂದು ಸಲ ನೋಡ್ಕೊಂಡುಬಿಡೇ. ನಾನು ನೋಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ.”